ಗಂಗೊಳ್ಳಿ: ನಮ್ಮ ಮಲೆನಾಡಿನ ಕಡಲಬಾಗಿಲು

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈ ಮೂರು ತಾಲ್ಲೂಕುಗಳಿಗೆ ಸಮುದ್ರತೀರವಿಲ್ಲವೆಂಬುದು ಭೂಪಟವನ್ನು ಒಮ್ಮೆ ನೋಡಿದ ಬಾಲಿಕೆಗೂ ವಿದಿತವಾದ ಸಂಗತಿಯೇ ಸರಿ. ಸಾಗರವೆಂಬ ಹೆಸರನ್ನು ಹೊತ್ತ ಪಟ್ಟಣವೂ ಘಟ್ಟದ ಮೇಲೆಯೇ ಇರುವುದು. ಆ ಹೆಸರು ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಬಂದುದೇ ಹೊರತು ಕಡಲಿನಿಂದ ಬಂದುದಲ್ಲ. ಹೀಗಿರಲಾಗಿ, ಮಲೆನಾಡಿನ ವಾಚಕರ ಮುಂದೆ ಮೀನುಗಾರರ ಹಳ್ಳಿಯೊಂದರ ವೃತ್ತಾಂತವನ್ನು ಇಡುವುದು ಏತಕ್ಕೆಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರವು ಇಷ್ಟೇ: ನಮ್ಮ ಬೆಟ್ಟಗಳಲ್ಲಿ ಹುಟ್ಟಿದ ನೀರು ಎಲ್ಲಿ ಹೋಗಿ ಸೇರುವುದೋ, ನಮ್ಮ ಅರಸರು ಯಾವ ಬಾಗಿಲಿನಿಂದ ಹೊರಜಗತ್ತನ್ನು ಕಂಡರೋ, ನಮ್ಮ ಅಡಿಗೆಮನೆಗೆ ಉಪ್ಪೂ ಮೀನೂ ಯಾವ ದಾರಿಯಿಂದ ಏರಿ ಬಂದುವೋ, ಆ ಊರಿನ ಚರಿತ್ರೆಯು ನಮ್ಮ ಚರಿತ್ರೆಯ ಇನ್ನರ್ಧವೇ ಆಗಿರುವುದು. ಅಂತಹ ಊರುಗಳಲ್ಲಿ ಗಂಗೊಳ್ಳಿಯು ಒಂದು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಮದುವೆಯಾಗಿಯೋ ಉದ್ಯೋಗಕ್ಕಾಗಿಯೋ ಘಟ್ಟವಿಳಿದು ಹೋಗಿರುವರು. ಅವರಿಗೆ ಇದು ಪರಿಚಿತವಾದ ಮಾತು. ಘಟ್ಟದ ಮೇಲೆಯೇ ಇರುವವರಿಗೆ ಇದು ಹೊಸ ಪಾಠವಾಗಲೆಂದು ಈ ಲೇಖನವನ್ನು ಬರೆದಿರುತ್ತೇವೆ.

೧. ಊರಿನ ನೆಲೆ

ಗಂಗೊಳ್ಳಿಯು ಉಡುಪಿ ಜಿಲ್ಲೆಗೆ ಸೇರಿದ ಗ್ರಾಮ. ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಪೂರ್ವದಲ್ಲಿ ಹೊಳೆ, ದಕ್ಷಿಣದಲ್ಲಿ ಹೊಳೆಯೂ ಸಮುದ್ರವೂ ಕೂಡುವ ಅಳಿವೆ; ಹೀಗೆ ಮೂರು ಕಡೆಯೂ ನೀರು, ಉತ್ತರದ ಕಡೆ ಮಾತ್ರ ನೆಲ. ಉದ್ದವಾದ ನಾಲಗೆಯನ್ನು ಚಾಚಿದಂತೆ ಈ ಊರು ನೀರಿನ ನಡುವೆ ಚಾಚಿಕೊಂಡಿರುವುದು. ಅಳಿವೆಯ ಆಚೆಯ ದಡದಲ್ಲಿ ಕೋಡಿ ಎಂಬ ಊರೂ, ಒಳಗೆ ಹೊಳೆಯ ದಡದಲ್ಲಿ ಕುಂದಾಪುರ ಪಟ್ಟಣವೂ ಕಾಣುವುವು. ಕಣ್ಣಿಗೆ ಕುಂದಾಪುರವು ಅತಿ ಸಮೀಪ. ದೋಣಿಯಲ್ಲಿ ಕುಳಿತರೆ ಅಲ್ಪಕಾಲದಲ್ಲಿ ತಲುಪಬಹುದು. ಆದರೆ ರಸ್ತೆಯಿಂದ ಹೋಗುವುದಾದರೆ ತ್ರಾಸಿ, ಹೆಮ್ಮಾಡಿಗಳನ್ನು ಸುತ್ತಿ ಸುಮಾರು ೧೫ ಕಿಲೋಮೀಟರು ನಡೆಯಬೇಕು. ಆದುದರಿಂದಲೇ ಈ ಊರಿನವರ ಬಾಳಿನಲ್ಲಿ ಕಡವಿನ ದೋಣಿಗೆ ನಮ್ಮಲ್ಲಿ ಬಸ್ಸಿಗಿರುವಷ್ಟೇ ಮಹತ್ವವು ಬಹುಕಾಲ ಇದ್ದಿತು.

ಇಲ್ಲಿಯ ಹೊಳೆಗೆ ಪಂಚಗಂಗಾವಳಿ ಎಂದು ಹೆಸರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಇಲ್ಲಿ ಒಂದಾಗಿ ಕಡಲನ್ನು ಸೇರುವುದರಿಂದ ಈ ಹೆಸರು ಬಂದಿತು. ಈ ಐದರ ತೌರುಮನೆ ಎಲ್ಲಿಯೆಂಬುದನ್ನು ನಮ್ಮ ಬಾಲಿಕೆಯರು ಲಕ್ಷ್ಯವಿಟ್ಟು ಕೇಳತಕ್ಕುದು. ಸೌಪರ್ಣಿಕೆಯು ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಹುಟ್ಟಿ ಕೊಲ್ಲೂರಿನ ಮೂಲಕ ಇಳಿಯುವುದು. ಚಕ್ರೆಯೂ ವಾರಾಹಿಯೂ ಅದೇ ಹೊಸನಗರ ಸೀಮೆಯ ಘಟ್ಟದ ಅಂಚಿನಲ್ಲಿ ಹುಟ್ಟುವುವು. ವಾರಾಹಿಯು ಮಾಸ್ತಿಕಟ್ಟೆಯ ಬಳಿ ಕುಂಚಿಕಲ್ ಜಲಪಾತವಾಗಿ ಮೆಟ್ಟಲು ಮೆಟ್ಟಲಾಗಿ ಧುಮುಕಿ, ಹೊಸಂಗಡಿ, ಸಿದ್ದಾಪುರ, ಹಾಲಾಡಿ, ಬಸರೂರುಗಳನ್ನು ಕಂಡು ಇಲ್ಲಿಗೆ ಬರುವುದು. ಕುಬ್ಜೆಯು ಕಮಲಶಿಲೆಯ ದೇವಾಲಯದ ಪಕ್ಕದಲ್ಲಿ ಹರಿಯುವ ನದಿ. ತೀರ್ಥಹಳ್ಳಿಯ ತುಂಗೆಯು ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿಯ ಪಾಲಾಗುವಳಾದರೂ, ಅದೇ ತಾಲ್ಲೂಕಿನ ಆಗುಂಬೆಯ ಕಡೆಯ ಸೀತಾನದಿಯು ಪಶ್ಚಿಮಕ್ಕಿಳಿದು ಬಾರಕೂರಿನ ಮೂಲಕ ಅರಬ್ಬೀ ಸಮುದ್ರವನ್ನೇ ಸೇರುವಳು. ಹೀಗೆ ನಮ್ಮಲ್ಲಿ ಬಿದ್ದ ಮಳೆಯ ಒಂದು ದೊಡ್ಡ ಭಾಗವು ಪ್ರತಿವರ್ಷವೂ ಕರಾವಳಿಗೆ ಪ್ರಯಾಣ ಮಾಡುತ್ತಿರುವುದು.

ಅಳಿವೆಯ ಒಳಗೆ ಹೊಳೆಯು ವಿಶಾಲವಾದ ಸರೋವರದಂತೆ ಹರಡಿರುವುದು. ಅದರ ನಡುವೆ ತೆಂಗಿನ ತೋಟಗಳಿಂದ ಕೂಡಿದ ದ್ವೀಪಗಳಿರುವುವು. ಇವನ್ನು ಅಲ್ಲಿಯ ಜನರು ಕುದ್ರುಗಳೆಂದು ಕರೆಯುವರು. ದಡಗಳಲ್ಲಿ ಉಪ್ಪುನೀರಿನಲ್ಲಿಯೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ಕಾಡು ಕಾಣುವುದು.

೨. ಪೂರ್ವಚರಿತ್ರೆ

ಗಂಗೊಳ್ಳಿಯ ಅಳಿವೆಯ ಪ್ರಾಚೀನ ಕೀರ್ತಿಯು ಒಳಗಿನ ಬಸರೂರಿನ ಕೀರ್ತಿಯೊಡನೆ ಹೆಣೆದುಕೊಂಡಿರುವುದು. ಬಸರೂರು ವಾರಾಹಿಯ ದಡದಲ್ಲಿ ಕುಂದಾಪುರಕ್ಕೆ ಪೂರ್ವವಾಗಿರುವ ಹಳೆಯ ವ್ಯಾಪಾರಸ್ಥಳ. ಅಲ್ಲಿಗೆ ಹೋಗುವ ಹಡಗುಗಳು ಈ ಅಳಿವೆಯನ್ನು ಹೊಕ್ಕೇ ಹೋಗಬೇಕಾಗಿದ್ದಿತು. ೧೪ನೆಯ ಶತಮಾನದಲ್ಲಿ, ೧೩೪೨ರ ಸುಮಾರಿಗೆ, ಈ ತೀರದಲ್ಲಿ ಪ್ರಯಾಣ ಮಾಡಿದ ಇಬ್ನ್ ಬತೂತನೆಂಬ ಅರಬ್ಬೀ ಯಾತ್ರಿಕನು ಬಸರೂರನ್ನು ಹೆಸರಿಸಿರುವನು. ವಿಜಯನಗರದ ಕಾಲದಲ್ಲಿ ಇಲ್ಲಿಂದ ಅಕ್ಕಿಯು ಅರಬ್ಬೀ ದೇಶಗಳಿಗೂ ಹೊರ್ಮುಜಿಗೂ ಹೋಗುತ್ತಿದ್ದಿತು. ಅತ್ತಲಿಂದ ಕುದುರೆಗಳು ಬರುತ್ತಿದ್ದುವು.

೧೬ನೆಯ ಶತಮಾನದ ಆದಿಯಿಂದ ಪೋರ್ಚುಗೀಸರು ಈ ಕರಾವಳಿಯ ಮೇಲೆ ಕಣ್ಣಿಟ್ಟರು. ೧೫೬೯ರ ಸುಮಾರಿಗೆ ಅವರು ಬಸರೂರಿನ ಅಳಿವೆಯನ್ನು ಕೈವಶಮಾಡಿಕೊಂಡು ಕುಂದಾಪುರದ ಬಳಿ ಕೋಟೆಯನ್ನು ಕಟ್ಟಿದರು. ಅಳಿವೆಯು ಯಾರ ವಶದಲ್ಲಿದೆಯೋ ಒಳನಾಡಿನ ಅಕ್ಕಿ ಮೆಣಸುಗಳ ಬೆಲೆಯು ಅವರ ವಶದಲ್ಲಿದೆಯೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಅದೇ ಮಾತನ್ನು ನಮ್ಮ ಕೆಳದಿಯ ಅರಸರೂ ಅಷ್ಟೇ ಚೆನ್ನಾಗಿ ಅರಿತಿದ್ದರು.

ಕೆಳದಿಯ ರಾಜ್ಯವು ನಮ್ಮ ಮೂರು ತಾಲ್ಲೂಕುಗಳ ಮಣ್ಣಿನಿಂದ ಎದ್ದುದು. ಕೆಳದಿ ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಎಂದರೆ ಈಗಿನ ನಗರವು ಹೊಸನಗರ ತಾಲ್ಲೂಕಿನಲ್ಲಿಯೂ, ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇರುವುವು. ಈ ರಾಜ್ಯದ ಬೊಕ್ಕಸವನ್ನು ತುಂಬಿಸುತ್ತಿದ್ದುದು ಘಟ್ಟದ ಮೇಲಿನ ಮೆಣಸು ಅಡಿಕೆಗಳೂ, ಘಟ್ಟದ ಕೆಳಗಿನ ಅಕ್ಕಿಯೂ. ಇವೆರಡಕ್ಕೂ ಬಂದರುಗಳೇ ಮಾರುಕಟ್ಟೆಯಾಗಿದ್ದುವು. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು, ಪೋರ್ಚುಗೀಸರ ರಾಯಭಾರಿಯ ಸಂಗಡ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡನು. ಅಲ್ಲಿಂದ ಮರಳುವಾಗ ಅವನು ಘಟ್ಟವಿಳಿದು ಬಸರೂರಿಗೆ ಬಂದನು. ಅವನು ಬರೆದ ಪತ್ರಗಳು ಆ ಕಾಲದ ಇಕ್ಕೇರಿಯನ್ನು ತಿಳಿಯಲು ನಮಗಿರುವ ಉತ್ತಮ ಸಾಧನಗಳಲ್ಲಿ ಒಂದಾಗಿರುವುವು.

ಗಂಗೊಳ್ಳಿಯು ಪೋರ್ಚುಗೀಸರ ಲೇಖಗಳಲ್ಲಿ ಕಾಂಬೋಲಿಂ ಎಂದು ಕರೆಯಲ್ಪಟ್ಟಿರುವುದು. ೧೭ನೆಯ ಶತಮಾನದ ಪೂರ್ವಾರ್ಧದಲ್ಲಿ ಅವರು ಇಲ್ಲಿಯೂ ಒಂದು ಕೋಟೆಯನ್ನು ಹೊಂದಿದ್ದರು. ಆದರೆ ೧೬೪೫ರಲ್ಲಿ ಪಟ್ಟವೇರಿದ ಶಿವಪ್ಪನಾಯಕನು ಬಿದನೂರನ್ನು ಬಲಪಡಿಸಿ, ಕರಾವಳಿಯನ್ನು ತನ್ನದಾಗಿಸಿಕೊಳ್ಳಲು ಸಂಕಲ್ಪಿಸಿದನು. ೧೬೫೨ರಿಂದ ೧೬೫೪ರ ಒಳಗಾಗಿ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಿಂದ ಪೋರ್ಚುಗೀಸರು ಹೊರಹಾಕಲ್ಪಟ್ಟರು. ಭೂಕಂದಾಯವನ್ನು ಗೊತ್ತುಮಾಡಿದ ‘ಶಿಸ್ತಿನ’ ಶಿವಪ್ಪನಾಯಕನೆಂದು ನಮ್ಮ ಮಕ್ಕಳು ಯಾರನ್ನು ಓದುವರೋ, ಆತನೇ ಗಂಗೊಳ್ಳಿಯ ಅಳಿವೆಯ ಬೀಗದ ಕೈಯನ್ನು ಮಲೆನಾಡಿಗೆ ತಂದವನು. ಅವನು ತೀರಿಕೊಂಡುದು ೧೬೬೦ರಲ್ಲಿ. ಆ ಬಳಿಕ ೧೬೬೫ರಲ್ಲಿ ಶಿವಾಜಿಯು ಸಮುದ್ರಮಾರ್ಗದಿಂದ ಬಂದು ಬಸರೂರನ್ನು ಸೂರೆಮಾಡಿದನೆಂಬುದೂ ಪ್ರಸಿದ್ಧವಾಗಿರುವುದು. ಬಂದರಿನ ಐಶ್ವರ್ಯವು ಎಷ್ಟಿದ್ದಿತೆಂಬುದಕ್ಕೆ ಇದೇ ಸಾಕ್ಷಿ. ೧೬೭೨ರಿಂದ ೧೬೯೭ರವರೆಗೆ ಆಳಿದ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, ೧೬೭೮ರಲ್ಲಿ, ಪೋರ್ಚುಗೀಸರೊಡನೆ ಪುನಃ ಒಪ್ಪಂದವಾಯಿತು. ಯುದ್ಧದಿಂದ ಗೆದ್ದುದನ್ನು ಸಂಧಾನದಿಂದ ಕಾಪಾಡಿಕೊಂಡ ಆ ಸ್ತ್ರೀಯ ವಿವೇಕವು ನಮ್ಮ ಶಾಲೆಯ ಬಾಲಿಕೆಯರಿಗೆ ಮನನಯೋಗ್ಯವಾದುದು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಕರಾವಳಿಯ ಬಂದರುಗಳೂ ಅವನ ಕೈಸೇರಿದುವು. ೧೭೮೩ರ ಜನವರಿಯಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನೇರಿ ನಗರವನ್ನು ವಶಪಡಿಸಿಕೊಂಡನು. ಕೆಲವೇ ತಿಂಗಳುಗಳಲ್ಲಿ ಟಿಪ್ಪೂಸುಲ್ತಾನನು ಅದನ್ನು ಮರಳಿ ಪಡೆದನು. ಅಳಿವೆಯನ್ನು ಗೆದ್ದವನಿಗೆ ಘಟ್ಟವು ದೂರವಲ್ಲವೆಂಬ ಪಾಠವನ್ನು ಈ ಪ್ರಸಂಗವು ಕಲಿಸುವುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಒಂದು ದೊಡ್ಡ ವಿಯೋಗವು ಸಂಭವಿಸಿತು. ನಗರದ ಸೀಮೆಯು ಮೈಸೂರು ಸಂಸ್ಥಾನಕ್ಕೂ, ಕರಾವಳಿಯು ಕಂಪೆನಿಯ ಸರಕಾರಕ್ಕೂ ಸೇರಿದುವು. ೧೮೦೧ರಲ್ಲಿ ಕುಂದಾಪುರ, ಬೈಂದೂರು, ಭಟ್ಕಳಗಳನ್ನೂ ಬಳಿಕ ಘಟ್ಟದ ಮೇಲಿನ ಇಕ್ಕೇರಿ, ನಗರಗಳನ್ನೂ ನೋಡಿದ ಡಾಕ್ಟರ್ ಬುಖಾನನನು ಎರಡು ಆಡಳಿತಗಳ ಸೀಮೆಯನ್ನು ದಾಟಿಯೇ ಹೋಗಬೇಕಾಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋದಾಗಲೂ ಕುಂದಾಪುರ ತಾಲ್ಲೂಕು ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ೧೯೫೬ನೆಯ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗಲಷ್ಟೆ, ನದಿಗಳ ಹುಟ್ಟೂ ಕೊನೆಯೂ ಪುನಃ ಒಂದೇ ಆಡಳಿತದ ಕೆಳಗೆ ಬಂದುವು. ನೂರೈವತ್ತೇಳು ವರ್ಷಗಳ ಕಾಲ ಕಾಗದದ ಮೇಲೆ ಗಡಿಯಿದ್ದಿತು. ಆದರೆ ನೀರೂ ನೆಂಟಸ್ತಿಕೆಯೂ ವ್ಯಾಪಾರವೂ ಆ ಗಡಿಯನ್ನು ಒಂದು ದಿನವೂ ಲೆಕ್ಕಿಸಲಿಲ್ಲ.

೩. ಘಟ್ಟದ ದಾರಿ

ಮೋಟಾರು ರಸ್ತೆಗಳಾಗುವುದಕ್ಕೆ ಮುಂಚೆ ಹೇರೆತ್ತುಗಳ ಸಾಲುಗಳೇ ಘಟ್ಟದ ಮೇಲಣ ಕೆಳಗಣ ಸೀಮೆಗಳನ್ನು ಕೂಡಿಸುತ್ತಿದ್ದುವು. ಮಳೆಗಾಲ ಕಳೆದೊಡನೆ ಅಡಿಕೆ, ಮೆಣಸು, ಏಲಕ್ಕಿಗಳು ಕೆಳಗಿಳಿಯುವುವು. ಉಪ್ಪು, ಒಣಮೀನು, ತೆಂಗಿನಕಾಯಿಗಳು ಮೇಲೇರುವುವು. ಕೊಲ್ಲೂರಿನ ಘಟ್ಟ, ಹೊಸಂಗಡಿಯಿಂದ ಬಾಳೆಬರೆಯ ಘಟ್ಟ, ಆಗುಂಬೆಯ ಘಟ್ಟ ಇವು ಮುಖ್ಯವಾದ ದಾರಿಗಳು. ಈಗಲೂ ಈ ದಾರಿಗಳೇ ನಮ್ಮ ಸಂತೆಗಳಿಗೆ ಮೀನಿನ ಗಾಡಿಗಳನ್ನು ತರುತ್ತಿರುವುವು. ಆಷಾಢ ಶ್ರಾವಣಗಳಲ್ಲಿ ಹೊರಗೆ ಎಡೆಬಿಡದೆ ಮಳೆ ಸುರಿಯುತ್ತಿರುವಾಗ, ಒಲೆಯ ಕೆಂಡದ ಮೇಲೆ ಸುಟ್ಟ ಒಣಮೀನೂ ಒಣ ಸಿಗಡಿಯ ಚಟ್ನಿಯೂ ಮಲೆನಾಡಿನ ಎಷ್ಟು ಮನೆಗಳಲ್ಲಿ ಗಂಜಿಯ ಊಟವನ್ನು ರುಚಿಗೊಳಿಸಿಲ್ಲ! ಆ ಮೀನು ಬೇಸಗೆಯ ಬಿಸಿಲಿನಲ್ಲಿ ಗಂಗೊಳ್ಳಿಯಂತಹ ಊರುಗಳ ಮರಳಿನ ಮೇಲೆ ಯಾವಳೋ ಒಬ್ಬ ತಾಯಿಯ ಕೈಯಿಂದ ಉಪ್ಪು ಹಚ್ಚಿಸಿಕೊಂಡು ಒಣಗಿದುದೆಂಬುದನ್ನು ಉಣ್ಣುವವರು ನೆನೆಯುವುದು ಅಪರೂಪ.

೪. ಮೀನುಗಾರರ ಉದ್ಯೋಗ

ಗಂಗೊಳ್ಳಿಯಲ್ಲಿ ಮೊಗವೀರರೂ, ಕೊಂಕಣಿ ಮಾತನಾಡುವ ಖಾರ್ವಿಗಳೂ, ಮುಸಲ್ಮಾನ ಮೀನುಗಾರರೂ, ಕ್ರೈಸ್ತರೂ, ಸಾರಸ್ವತ ಬ್ರಾಹ್ಮಣ ವರ್ತಕರೂ ತಲೆತಲಾಂತರದಿಂದ ಬಾಳಿಕೊಂಡು ಬಂದಿರುವರು. ಒಂದೇ ಬೀದಿಯಲ್ಲಿ ಕುಂದಗನ್ನಡವನ್ನೂ ಕೊಂಕಣಿಯನ್ನೂ ಕೇಳಬಹುದು. ಕಡಲಿನ ಮೇಲೆ ದೋಣಿಯು ಅಪಾಯದಲ್ಲಿರುವಾಗ ಹತ್ತಿರದ ದೋಣಿಯವನು ಕುಲವನ್ನು ವಿಚಾರಿಸದೆ ಹಗ್ಗವನ್ನು ಎಸೆಯುವನು.

ಹಿಂದಣ ಕಾಲದಲ್ಲಿ ಈ ತೀರದ ಮುಖ್ಯ ಸಾಧನವು ರಂಪಣಿ ಎಂಬ ಮಹಾಬಲೆ. ಅದನ್ನು ದೋಣಿಯಲ್ಲಿ ತುಂಬಿಕೊಂಡು, ದಡದಿಂದ ಹೊರಟು ಅರ್ಧಚಂದ್ರಾಕಾರವಾಗಿ ಸಮುದ್ರದಲ್ಲಿ ಬಿಡುತ್ತ ಪುನಃ ದಡಕ್ಕೆ ಬರುವರು. ಬಳಿಕ ಎರಡು ತುದಿಗಳನ್ನೂ ದಡದ ಮೇಲೆ ನಿಂತ ಹಲವು ಹತ್ತು ಜನರು ಕೂಗು ಹಾಕುತ್ತ ಒಂದೇ ಸಮನೆ ಎಳೆಯುವರು. ಬಂಗುಡೆಯ ಹಿಂಡಾಗಲಿ, ಆ ಸೀಮೆಯವರು ಬೈಗೆ ಎನ್ನುವ ಭೂತಾಯಿಯ ಹಿಂಡಾಗಲಿ ಸಿಕ್ಕಿದರೆ ಬಲೆಯೊಳಗೆ ಕಡಲೇ ಬೆಳ್ಳಿಯಾಗಿ ಕುದಿಯುವಂತೆ ತೋರುವುದು. ರಂಪಣಿಯು ಒಬ್ಬನ ಸೊತ್ತಲ್ಲ; ಹಲವು ಮನೆಗಳು ಬಲೆಯ ತುಂಡುಗಳನ್ನು ಕೂಡಿಸಿ ಮಾಡಿದ ಪಾಲುಗಾರಿಕೆ. ಸಿಕ್ಕಿದ ಮೀನಿನಲ್ಲಿ ಪಾಲುದಾರರಿಗೂ, ಎಳೆದವರಿಗೂ ಭಾಗವುಂಟು. ಸಹಕಾರವೆಂಬ ಶಬ್ದವನ್ನು ನಾವು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ಈ ಜನರು ಅದನ್ನು ಮರಳಿನ ಮೇಲೆ ಆಚರಿಸುತ್ತಿದ್ದರು.

ಆದರೆ ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳಿಂದ ಆಳನೀರಿನಲ್ಲಿಯೇ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬಲೆಗಳು ಬಂದುವು. ಮೀನು ದಡಕ್ಕೆ ಬರುವುದಕ್ಕೆ ಮುಂಚೆಯೇ ಹಿಡಿಯಲ್ಪಟ್ಟುದರಿಂದ ರಂಪಣಿಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದುವು. ಸಣ್ಣದಾದ ಕೈರಂಪಣಿಗಳು ಮಾತ್ರ ಅಲ್ಲಲ್ಲಿ ಉಳಿದುಕೊಂಡುವು. ಹಿಡಿಯುವ ಶಕ್ತಿಯು ಹೆಚ್ಚಿತು. ಅದರೊಡನೆ ಸಾಲವೂ, ಮೀನು ಬರಿದಾಗುವ ಭಯವೂ ಹೆಚ್ಚಿದುವು. ರಾತ್ರಿಯಲ್ಲಿ ಪ್ರಖರವಾದ ದೀಪಗಳನ್ನು ಬೆಳಗಿಸಿ ಮೀನನ್ನು ಸೆಳೆದು ಹಿಡಿಯುವ ಪದ್ಧತಿಯನ್ನು ಕೇಂದ್ರ ಸರಕಾರವು ೨೦೧೭ರಲ್ಲಿ ನಿಷೇಧಿಸಬೇಕಾಯಿತು. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ, ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳು, ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂಬ ನಿಯಮವು ಈಗ ಇರುವುದು. ಆ ದಿನಗಳಲ್ಲಿ ಸಣ್ಣ ನಾಡದೋಣಿಗಳು ಮಾತ್ರ ಅಲೆಗಳೊಡನೆ ಹೋರಾಡುತ್ತ ಹೋಗುವುವು. ನೂಲುಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ, ಹಾಲೂ ತೆಂಗಿನಕಾಯಿಯೂ ಅರ್ಪಿಸಿ, ಹೊಸ ವರ್ಷದ ಕಸುಬಿಗೆ ಕಡಲಿನ ಅಪ್ಪಣೆಯನ್ನು ಬೇಡುವ ಪದ್ಧತಿಯುಂಟು.

ಈ ಉದ್ಯೋಗದ ಅಪಾಯವನ್ನು ಗದ್ದೆತೋಟಗಳ ನಡುವೆ ಬೆಳೆದ ನಾವು ಊಹಿಸುವುದು ಕಷ್ಟ. ಅಳಿವೆಯ ಬಾಯಲ್ಲಿ ಹೊಳೆಯು ತಂದ ಮರಳು ದಿಬ್ಬವಾಗಿ ನಿಲ್ಲುವುದು. ಒಳಗಿನಿಂದ ನೆರೆಯೂ ಹೊರಗಿನಿಂದ ಅಲೆಯೂ ಅದರ ಮೇಲೆ ಹೊಡೆದಾಡುವುವು. ಆ ಬಾಯನ್ನು ದಾಟುವುದೇ ದಿನದಿನದ ಪರೀಕ್ಷೆ. ೨೦೨೩ರ ನವೆಂಬರ್ ೧೩ರಂದು, ದೀಪಾವಳಿಯ ದಿನಗಳಲ್ಲಿಯೇ, ಗಂಗೊಳ್ಳಿಯಲ್ಲಿ ದಡದಲ್ಲಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾಗಿ ಅನೇಕ ಕುಟುಂಬಗಳ ಬದುಕು ಬೂದಿಯಾಯಿತು. ೨೦೨೫ರ ಜುಲೈ ತಿಂಗಳಲ್ಲಿ ಗಂಗೊಳ್ಳಿಯ ಕಡಲಿನಲ್ಲಿ ನಾಡದೋಣಿಯೊಂದು ಮಗುಚಿ ಮೂವರು ಮೀನುಗಾರರು ಕಡಲುಪಾಲಾದರು. ಸಂತೆಯಲ್ಲಿ ಮೀನಿನ ಬೆಲೆಯನ್ನು ಚೌಕಾಸಿ ಮಾಡುವಾಗ ಈ ಸಂಗತಿಗಳು ನಮ್ಮ ಮನಸ್ಸಿನಲ್ಲಿರುವುದು ನ್ಯಾಯ.

೫. ಸ್ತ್ರೀಯರ ದುಡಿಮೆ

ಮೀನು ಹಿಡಿಯುವುದು ಗಂಡಸರ ಕೆಲಸವೆಂದು ಸಾಮಾನ್ಯವಾಗಿ ತಿಳಿಯುವರು. ಆದರೆ ದೋಣಿಯು ದಡವನ್ನು ಮುಟ್ಟಿದ ಕ್ಷಣದಿಂದ ಆ ಕಸುಬು ಸ್ತ್ರೀಯರದಾಗುವುದು. ಹರಾಜಿನಲ್ಲಿ ಕೂಗಿ ಕೊಳ್ಳುವವರು ಅವರು. ಅಂಜಲ್, ಮಾಂಜಿ, ಕಾಣೆ, ನಂಗು, ಚಟ್ಲಿ, ಬೊಂಡಾಸುಗಳನ್ನು ಬೇರ್ಪಡಿಸುವವರು ಅವರು. ಬುಟ್ಟಿಯನ್ನು ಹೊತ್ತು ಪೇಟೆಗೂ ಮನೆಮನೆಗೂ ಹೋಗಿ ಮಾರುವವರು ಅವರು. ಮಿಕ್ಕುದನ್ನು ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಕಾದಿಡುವವರೂ ಅವರೇ. ಗಂಡಸು ಕಡಲಿನಲ್ಲಿರುವಾಗ ಮನೆಯ ಸಾಲ, ಚೀಟಿ, ಮಕ್ಕಳ ಶುಲ್ಕ, ಅಂಗಡಿಯ ಬಾಕಿ, ಇವೆಲ್ಲದರ ಲೆಕ್ಕವೂ ಆಕೆಯ ತಲೆಯಲ್ಲಿಯೇ ಇರುವುದು. ಹಿಂದಣ ತಲೆಮಾರಿನವರಲ್ಲಿ ಶಾಲೆಯ ಮೆಟ್ಟಲನ್ನೇ ಹತ್ತದ ಅನೇಕರು ಬಾಯಿಲೆಕ್ಕದಲ್ಲಿ ನಮ್ಮ ಗಣಿತದ ತರಗತಿಯವರನ್ನು ಸೋಲಿಸಬಲ್ಲರು.

ಆದರೆ ಬಾಯಿಲೆಕ್ಕವಿದ್ದರೆ ಸಾಲದು. ಪತ್ರದ ಮೇಲೆ ಏನು ಬರೆದಿದೆಯೆಂದು ಓದಲಾರದವಳು ಸಾಲದ ಬಡ್ಡಿಯಲ್ಲಿ ಮೋಸಹೋಗುವಳು. ದೋಣಿ ಮರಳದ ದಿನ ಪರಿಹಾರದ ಅರ್ಜಿಯನ್ನು ಬರೆಯಿಸಲು ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಲ್ಲುವಳು. ಹೆಣ್ಣುಮಕ್ಕಳ ವಿದ್ಯೆಯು ಅಲಂಕಾರವಲ್ಲ, ಆಪತ್ಕಾಲದ ದೋಣಿಯೆಂಬುದನ್ನು ಈ ಊರು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ತೋರಿಸುವುದು. ಮೀನುಬುಟ್ಟಿಯ ದುಡ್ಡಿನಿಂದ ಓದಿ ಉಪಾಧ್ಯಾಯಿನಿಯರೂ ದಾದಿಯರೂ ಆದ ಮಗಳಂದಿರು ಈ ಕರಾವಳಿಯಲ್ಲಿ ಅನೇಕರಿರುವರು. ಅಡಿಕೆ ತೋಟದ ಮನೆಯ ಮಗಳೂ ಕೂಲಿಯವಳ ಮಗಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ಶಾಲೆಯಲ್ಲಿ ಬೆಳೆದ ನಮಗೆ ಆ ತಾಯಂದಿರ ಹಟವು ಅಪರಿಚಿತವಾಗಿ ತೋರಲಾರದು.

೬. ನೋಡತಕ್ಕ ಸ್ಥಳಗಳು

ಸಾಗರ ಹೊಸನಗರಗಳ ಕಡೆಯವರು ಕೊಲ್ಲೂರು ಘಟ್ಟದಿಂದಲೋ ಬಾಳೆಬರೆಯ ಘಟ್ಟದಿಂದಲೋ, ತೀರ್ಥಹಳ್ಳಿಯವರು ಆಗುಂಬೆಯಿಂದಲೂ ಇಳಿದು ಬರಬಹುದು. ಗಂಗೊಳ್ಳಿಗೆ ಹೋಗುವವರು ಮೊದಲು ಮರವಂತೆಯಲ್ಲಿ ಇಳಿದು ನಿಲ್ಲಬೇಕು. ಅಲ್ಲಿ ಹೆದ್ದಾರಿಯ ಒಂದು ಪಕ್ಕದಲ್ಲಿ ಕೆಲವೇ ಹೆಜ್ಜೆಗಳಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಶಾಂತವಾದ ಸೌಪರ್ಣಿಕಾ. ಒಂದು ಕಡೆ ಗರ್ಜನೆ, ಇನ್ನೊಂದು ಕಡೆ ಮೌನ. ನಡುವೆ ರಸ್ತೆಯಷ್ಟೇ ನೆಲ. ಕಡಲನ್ನು ಇಷ್ಟು ಸಮೀಪಿಸಿದ ನದಿಯು ಅದನ್ನು ಅಲ್ಲಿಯೇ ಸೇರದೆ, ಪುನಃ ದಕ್ಷಿಣಕ್ಕೆ ತಿರುಗಿ, ಸಂಗಡಿಗ ನದಿಗಳನ್ನು ಕೂಡಿಕೊಂಡೇ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುವುದು ಪ್ರಕೃತಿಯ ಒಂದು ವಿನೋದ. ನದಿಯ ಕಡೆಯಲ್ಲಿ ಮೀನುಗಾರರು ಭಕ್ತಿಯಿಂದ ನಡೆದುಕೊಳ್ಳುವ ವರಾಹ ಮಹಾರಾಜಸ್ವಾಮಿಯ ದೇವಾಲಯವಿರುವುದು. ಪಕ್ಕದ ತ್ರಾಸಿಯ ತೀರವೂ ಮನೋಹರವಾದುದು.

ಗಂಗೊಳ್ಳಿಯ ಊರೊಳಗೆ ವೆಂಕಟರಮಣ ದೇವಾಲಯ, ವೀರೇಶ್ವರ ದೇವಾಲಯ, ಕನ್ಯಾಮರಿಯಮ್ಮನ ಹೆಸರಿನ ಹಳೆಯ ಇಗರ್ಜಿ, ಮಸೀದಿ, ಇವೆಲ್ಲವೂ ಅಲ್ಪ ದೂರದಲ್ಲಿಯೇ ಇರುವುವು. ಬಂದರಿನ ಕಟ್ಟೆಯ ಮೇಲೆ ಪ್ರಾತಃಕಾಲದಲ್ಲಿ ನಿಂತರೆ ದೋಣಿಗಳು ಮರಳುವುದನ್ನೂ, ಹರಾಜಿನ ಗದ್ದಲವನ್ನೂ, ಬಲೆ ಸರಿಮಾಡುವ ವೃದ್ಧರ ಕೈಚಳಕವನ್ನೂ ನೋಡಬಹುದು. ಸಂಜೆ ಅಳಿವೆಯ ಕಡೆ ನಡೆದರೆ ಐದು ನದಿಗಳ ನೀರಿನ ಬಣ್ಣವು ಕಡಲಿನ ನೀಲಿಯೊಡನೆ ಕಲೆಯುವ ಗೆರೆಯು ಕಾಣುವುದು. ಮಳೆಗಾಲದಲ್ಲಿ ಆ ನೀರು ಕೆಂಪಾಗಿರುವುದು. ಅದು ನಮ್ಮ ಘಟ್ಟದ ಮಣ್ಣಿನ ಕೆಂಪು.

ಹೊಳೆಯ ದ್ವೀಪಗಳಲ್ಲಿ ಉಪ್ಪಿನಕುದ್ರು ಎಂಬುದು ವಿಶೇಷವಾಗಿ ಹೇಳತಕ್ಕುದು. ಹೆಸರಿನಲ್ಲಿಯೇ ಉಪ್ಪಿರುವ ಈ ಕುದ್ರುವು ಯಕ್ಷಗಾನದ ಸೂತ್ರದ ಗೊಂಬೆಯಾಟಕ್ಕೆ ಪ್ರಖ್ಯಾತವಾಗಿರುವುದು. ಇಲ್ಲಿಯ ಕೊಗ್ಗ ಕಾಮತರು ಈ ಕಲೆಯನ್ನು ದೇಶವಿದೇಶಗಳಿಗೆ ಪರಿಚಯಿಸಿದರು. ಅವರ ಮನೆತನದವರು ಅದನ್ನು ನಡೆಯಿಸಿಕೊಂಡು ಬಂದಿರುವರು. ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಿತಂದೆಗಳು ಇದನ್ನು ತಪ್ಪಿಸಬಾರದು. ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಬಸರೂರಿನ ಹಳೆಯ ದೇವಾಲಯಗಳನ್ನೂ ನೋಡಿ ಬರಬಹುದು. ಘಟ್ಟವನ್ನೇರಿ ಮರಳುವಾಗ ಬಿದನೂರಿನ ಕೋಟೆಯನ್ನೂ ಹೊಕ್ಕು ಬಂದರೆ, ಬಂದರೂ ರಾಜಧಾನಿಯೂ ಒಂದೇ ದಾರಿಯ ಎರಡು ತುದಿಗಳೆಂಬುದು ಪುಸ್ತಕವಿಲ್ಲದೆಯೇ ಮನವರಿಕೆಯಾಗುವುದು.

೭. ಮೇಲಿನವರ ಋಣ

ಕಡೆಯದಾಗಿ ಒಂದು ವಿಚಾರವನ್ನು ಹೇಳಬೇಕಾಗಿರುವುದು. ನದಿಯು ಮೀನಿಗೆ ಬರಿಯ ನೀರನ್ನು ಕೊಡುವುದಿಲ್ಲ. ಕಾಡಿನ ಎಲೆ ಕೊಳೆತು ಆದ ಸಾರವನ್ನೂ, ಹೊಸ ಮಣ್ಣನ್ನೂ ಅದು ಅಳಿವೆಗೆ ಹೊತ್ತೊಯ್ಯುವುದು. ಸಿಹಿನೀರೂ ಉಪ್ಪುನೀರೂ ಬೆರೆಯುವ ಆ ಹಿನ್ನೀರಿನಲ್ಲಿಯೇ, ಕಾಂಡ್ಲಾ ಬೇರುಗಳ ಮರೆಯಲ್ಲಿ, ಸಿಗಡಿಯೂ ಅನೇಕ ಜಾತಿಯ ಮೀನಿನ ಮರಿಗಳೂ ಬೆಳೆದು ದೊಡ್ಡವಾಗುವುವು. ಸಿಹಿನೀರು ಕಡಿಮೆಯಾದರೆ ಬೇಸಗೆಯಲ್ಲಿ ಉ‌ಪ್ಪುನೀರು ಹೊಳೆಯಲ್ಲಿ ಮೇಲಕ್ಕೇರಿ ದಡದ ಬಾವಿಗಳನ್ನು ಕೆಡಿಸುವುದು.

ಈ ಐದು ನದಿಗಳ ಮೇಲ್ಭಾಗದಲ್ಲಿ ನಾವು ಮಾಡಿರುವ ಕಾರ್ಯಗಳು ಅಲ್ಪವಲ್ಲ. ವಾರಾಹಿಗೆ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಅಣೆಕಟ್ಟನ್ನು ಕಟ್ಟಲಾಗಿರುವುದು. ಆ ನೀರು ಸುರಂಗದ ಮೂಲಕ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುವುದು. ೧೯೮೯ರಲ್ಲಿ ಆರಂಭವಾದ ಈ ಆಗಾರದಲ್ಲಿ ಈಗ ನಾಲ್ಕು ಯಂತ್ರಗಳಿಂದ ಒಟ್ಟು ೪೬೦ ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸಬಹುದು. ಅದರಿಂದಾಗಿ ಕುಂಚಿಕಲ್ ಜಲಪಾತವು ಮಳೆಗಾಲದಲ್ಲಿ ಮಾತ್ರ ಕಾಣುವಂತಾಯಿತು. ವಿದ್ಯುದಾಗಾರವನ್ನು ದಾಟಿದ ನೀರಾದರೋ ಪುನಃ ವಾರಾಹಿಯನ್ನೇ ಸೇರುವುದು. ಚಕ್ರೆಯ ಕಥೆಯು ಬೇರೆ. ಚಕ್ರಾ, ಸಾವೆಹಕ್ಕಲು ಎಂಬ ಜಲಾಶಯಗಳಲ್ಲಿ ತಡೆದ ನೀರನ್ನು ಕಾಲುವೆಗಳ ಮೂಲಕ ಲಿಂಗನಮಕ್ಕಿಗೆ ತಿರುಗಿಸಲಾಗಿರುವುದು. ಎಂದರೆ, ಗಂಗೊಳ್ಳಿಯ ಕಡಲನ್ನು ಸೇರಬೇಕಾಗಿದ್ದ ನೀರಿನ ಒಂದು ಭಾಗವು ಈಗ ಶರಾವತಿಯ ಪಾಲಾಗಿ ಹೊನ್ನಾವರದ ಕಡಲನ್ನು ಸೇರುತ್ತಿರುವುದು.

ವಿದ್ಯುತ್ತು ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಮಕ್ಕಳು ರಾತ್ರಿ ಓದುವುದು ಆ ಬೆಳಕಿನಲ್ಲಿಯೇ. ಅಣೆಕಟ್ಟುಗಳಿಗಾಗಿ ಮನೆಮಠಗಳನ್ನು ಕಳೆದುಕೊಂಡವರಲ್ಲಿ ನಮ್ಮ ಮೂರು ತಾಲ್ಲೂಕುಗಳವರೇ ಎಷ್ಟೋ ಮಂದಿ ಇರುವರು. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ನೋವನ್ನು ಸಾಗರ ಹೊಸನಗರಗಳ ಹಿರಿಯರು ಮರೆತಿಲ್ಲ. ಮುಳುಗಡೆಯೆಂದರೆ ಏನೆಂದು ಬಲ್ಲವರಾದ ನಾವೇ ಕೆಳಗಿನವರ ಕಷ್ಟವನ್ನು ಇತರರಿಗಿಂತ ಮೊದಲು ಅರಿಯಬೇಕಾದವರು. ನೀರಿನ ಲೆಕ್ಕವನ್ನು ಹಾಕುವಾಗ ಗದ್ದೆ, ತೋಟ, ದೀಪಗಳನ್ನು ಮಾತ್ರ ಎಣಿಸಿ, ಕಡಲನ್ನು ಸೇರಿದ ನೀರು ವ್ಯರ್ಥವಾಯಿತೆಂದು ಹೇಳುವುದು ಸರ್ವತ್ರ ವಾಡಿಕೆಯಾಗಿರುವುದು. ಗಂಗೊಳ್ಳಿಯ ದಡದಲ್ಲಿ ನಿಂತವರಿಗೆ ಆ ಮಾತು ಸತ್ಯವಾಗಿ ಕಾಣದು. ಅಲ್ಲಿ ಸೇರಿದ ನೀರಿಗೆ ಬಲೆಯುಂಟು, ಬುಟ್ಟಿಯುಂಟು, ಒಲೆಯುಂಟು, ಶಾಲೆಗೆ ಹೋಗುವ ಮಕ್ಕಳುಂಟು.

ಆದುದರಿಂದ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ವಿಜ್ಞಾಪನೆ ಇದು. ಘಟ್ಟದ ಅಂಚಿನ ಕಾಡನ್ನು ಕಡಿಯುವಾಗ, ಹಳ್ಳಕ್ಕೆ ಕಸವನ್ನೂ ತೋಟದ ವಿಷದ ಡಬ್ಬಿಯನ್ನೂ ಎಸೆಯುವಾಗ, ಅದು ಹೋಗಿ ನಿಲ್ಲುವ ಊರಿಗೆ ಒಂದು ಹೆಸರಿದೆಯೆಂಬುದನ್ನು ಮನೆಯ ಮಕ್ಕಳಿಗೆ ಹೇಳಿರಿ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಜೋಗ, ಕೊಡಚಾದ್ರಿಗಳೊಡನೆ ಗಂಗೊಳ್ಳಿಯ ಅಳಿವೆಯನ್ನೂ ತೋರಿಸಿರಿ. ಕೊಡಚಾದ್ರಿಯ ತುದಿಯಿಂದ ಆಕಾಶವು ನಿರ್ಮಲವಾಗಿರುವ ದಿನ ಪಶ್ಚಿಮದಲ್ಲಿ ಕಡಲು ಕಾಣುವುದು. ಆ ಬೆಳ್ಳಿಯ ಗೆರೆಯಲ್ಲಿ ಕೆಲಸಮಾಡುತ್ತಿರುವ ಜನರು ನಮ್ಮ ನದಿಗಳ ಕೆಳಗಿನ ಒಕ್ಕಲು. ಅವರ ಕ್ಷೇಮವು ನಮ್ಮ ನಡತೆಯನ್ನೂ ಸ್ವಲ್ಪಮಟ್ಟಿಗೆ ಅವಲಂಬಿಸಿರುವುದು.